ಚಳಿಯಲ್ಲಿ ನಾಯಿ, ಬೆಕ್ಕಿನ ಜೊತೆ ಪ್ರಯಾಣ: ಕಾರು ಓಡುವಾಗಲ್ಲ, ನಿಂತಾಗ ಹುಷಾರು

ಪ್ರಶ್ನೆ: ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಡ್ಯಾಶ್‌ಹಂಡ್ ನಾಯಿ ಮತ್ತು ಮೂರು ವರ್ಷದ ಬೆಕ್ಕು ಇವೆ. ಚಳಿಗಾಲದ ರಜೆಯಲ್ಲಿ ಎರಡನ್ನೂ ಕರೆದುಕೊಂಡು ಹತ್ತು ಗಂಟೆ ಕಾರಿನಲ್ಲಿ ಹೋಗಬೇಕಾಗಿದೆ. ಅಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ, ಹಿಮವೂ ಬೀಳಬಹುದು. ನಾಯಿಗೆ ಸ್ವೆಟರ್ ಹಾಕಿದರೆ ಸಾಕಾ? ಬೆಕ್ಕು ಕಾರಿನಲ್ಲಿ ಒಂದೇ ಸಮನೆ ಕೂಗುತ್ತದೆ, ನಿದ್ದೆ ಮಾತ್ರೆ ಕೊಡಬಹುದಾ? ಊಟಕ್ಕೆ ನಿಲ್ಲಿಸಿದಾಗ ಅರ್ಧ ಗಂಟೆ ಎರಡನ್ನೂ ಕಾರಿನಲ್ಲೇ ಬಿಟ್ಟು ಹೋದರೆ ತೊಂದರೆ ಇಲ್ಲ ಅಲ್ವಾ? ಬೇಸಿಗೆ ಅಲ್ಲವಲ್ಲ.

ಉತ್ತರ: ನೀವು ಕೊನೆಗೆ, ಸುಮ್ನೆ ಸೇರಿಸಿದ ಹಾಗೆ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತೊಂದರೆ ಇದೆ. ಬಿಟ್ಟು ಹೋಗಬೇಡಿ. ನಿಮ್ಮ ಹತ್ತು ಗಂಟೆಯ ಪ್ರಯಾಣದಲ್ಲಿ ನನಗೆ ಭಯ ಇರುವುದು ಆ ಅರ್ಧ ಗಂಟೆಯ ಬಗ್ಗೆಯೇ.

ಕೆಲವು ವರ್ಷಗಳ ಹಿಂದೆ, ಒಂದು ಸಂಜೆ ಕ್ಲಿನಿಕ್ ಬಾಗಿಲು ಹಾಕುವ ಹೊತ್ತಿಗೆ ಗಂಡ ಹೆಂಡತಿ ಓಡಿಬಂದರು. ಕೈಯಲ್ಲಿ ಟವೆಲ್ ಸುತ್ತಿದ ಪುಟ್ಟ ನಾಯಿ, ಐದು ಕಿಲೋ ಇದ್ದಿರಬಹುದು. ದಾರಿಯಲ್ಲಿ ಕಾಲಾಡಿಸಲು ಇಳಿಸಿದ್ದಾರೆ. ಅದು ಒದ್ದೆ ಹುಲ್ಲಿನಲ್ಲಿ ಖುಷಿಯಾಗಿ ಓಡಾಡಿದೆ. ಮತ್ತೆ ಕಾರಿಗೆ ಹಾಕಿ, ಎಂಜಿನ್ ಆಫ್ ಮಾಡಿ ಊಟಕ್ಕೆ ಹೋಗಿದ್ದಾರೆ. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ನಾಯಿ ಸೀಟಿನ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. 'ಆಡಿ ಸುಸ್ತಾಗಿದೆ ಅಂದುಕೊಂಡೆವು ಡಾಕ್ಟ್ರೇ' ಎಂದರು. ಕರೆದರೂ ಕಣ್ಣು ಬಿಡದೇ ಇದ್ದಾಗ ಗಾಬರಿಯಾಗಿ ನನ್ನ ಹತ್ತಿರ ಬಂದಿದ್ದರು.

ಥರ್ಮಾಮೀಟರ್ 34.1 ತೋರಿಸಿತು. ನಾಯಿಯ ಮೈ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ನಡುಕ ಇರಲಿಲ್ಲ. ಒಸಡು ಬಿಳಿಚಿಕೊಂಡಿತ್ತು. ಅದರ ಮೈಮೇಲೆ ಚೆಂದದ ಉಣ್ಣೆ ಸ್ವೆಟರ್ ಇತ್ತು. ಬೆನ್ನ ಮೇಲೆ ಕೈಯಾಡಿಸಿದರೆ ಒಣಗಿದೆ. ಹೊಟ್ಟೆಯ ಅಡಿಗೆ ಕೈ ಹಾಕಿದೆ, ಹಿಂಡಿದರೆ ನೀರು ಬರುವಷ್ಟು ಒದ್ದೆ.

ಸ್ವೆಟರ್ ಸಾಕಾ ಎಂಬ ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಬರೀ ಚಳಿಯನ್ನು ನಾಯಿ, ಬೆಕ್ಕುಗಳು ಒಂದು ಮಟ್ಟಿಗೆ ತಡೆದುಕೊಳ್ಳುತ್ತವೆ. ಅದರ ಜೊತೆಗೆ ಒದ್ದೆ, ಗಾಳಿ, ಅಲುಗಾಡದೆ ಕೂರುವುದು, ಈ ಮೂರರಲ್ಲಿ ಎರಡು ಸೇರಿದರೆ ಕೆಲಸ ಕೆಡುತ್ತದೆ. ಕೂದಲಿನ ನಡುವೆ ಸಿಕ್ಕಿಕೊಂಡಿರುವ ಗಾಳಿಯೇ ಪ್ರಾಣಿಯ ಕಂಬಳಿ. ಒದ್ದೆಯಾದರೆ ಆ ಜಾಗಕ್ಕೆ ನೀರು ಬಂದು ಕೂರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಹೀರಿ ಸಾಗಿಸುತ್ತದೆ. ಹಾಗಾಗಿ ಒದ್ದೆ ಸ್ವೆಟರ್ ಹಾಕಿಸುವುದಕ್ಕಿಂತ ಏನೂ ಹಾಕಿಸದೇ ಇರುವುದು ವಾಸಿ. ಇನ್ನು ಅಲುಗಾಡದೆ ಕೂರುವ ವಿಷಯ. ಓಡುವ ಪ್ರಾಣಿಯ ಮಾಂಸಖಂಡವೇ ಒಂದು ಒಲೆ. ಕಾರಿನಲ್ಲಿ ಕೂತ ಪ್ರಾಣಿಗೆ ಆ ಒಲೆ ಆರಿರುತ್ತದೆ.

ಈ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹಿಮದ ಬಂಡಿ ಎಳೆಯುವ ನಾಯಿಗಳ ಉದಾಹರಣೆ ತೆಗೆಯುತ್ತಾರೆ. ನಿಜ, 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಹಬ್ಬಿದಾಗ ಸುಮಾರು 150 ನಾಯಿಗಳು ಸರದಿಯಂತೆ 1,085 ಕಿಲೋಮೀಟರ್ ಓಡಿ, ಐದೂವರೆ ದಿನದಲ್ಲಿ ಔಷಧ ಮುಟ್ಟಿಸಿದವು. ಮೈನಸ್ 40ರ ಆಸುಪಾಸಿನ ಚಳಿ ಅದು. ಆದರೆ ಅವು ಎರಡು ಪದರ ಕೂದಲಿನ, ವರ್ಷಗಟ್ಟಲೆ ಆ ಚಳಿಗೆ ಪಳಗಿದ, ಎಲ್ಲಕ್ಕಿಂತ ಮುಖ್ಯವಾಗಿ ಓಡುತ್ತಿದ್ದ ನಾಯಿಗಳು. ನಿಮ್ಮದು ಸೋಫಾದ ಮೇಲೆ ಮಲಗುವ ಡ್ಯಾಶ್‌ಹಂಡ್. ಎರಡಕ್ಕೂ ನಾಯಿ ಎಂಬ ಒಂದೇ ಹೆಸರು ಇರುವುದರಿಂದ ಈ ಗೊಂದಲ, ಅಷ್ಟೇ.

ಡ್ಯಾಶ್‌ಹಂಡ್ ಬಗ್ಗೆ ಇನ್ನೂ ಒಂದು ಮಾತು. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಶಾಖ ಸೋರುವುದೂ ಜಾಸ್ತಿ. ಅದರ ಕಾಲು ಗಿಡ್ಡ, ಹೊಟ್ಟೆ ನೆಲಕ್ಕೆ ಒಂದು ಗೇಣಿನಷ್ಟೂ ದೂರ ಇಲ್ಲ. ನಾಲ್ಕು ಬೆರಳು ಹಿಮ ಬಿದ್ದರೂ ಅದು ಹಿಮದಲ್ಲಿ ನಡೆಯುವುದಲ್ಲ, ಹಿಮದಲ್ಲಿ ತೆವಳುವುದು. ಜೊತೆಗೆ ಒಂಬತ್ತು ವರ್ಷ. ಹೊರಡುವ ಮುಂಚೆ ಒಮ್ಮೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕಡಿಮೆ ಇರುವ, ಹೃದಯ ಅಥವಾ ಕಿಡ್ನಿ ತೊಂದರೆ ಇರುವ ನಾಯಿಗಳು ಮೈಶಾಖ ಕಾಯ್ದುಕೊಳ್ಳುವುದರಲ್ಲಿ ಹಿಂದೆ. ಮನೆಯಲ್ಲಿ ಅದು ಗೊತ್ತಾಗುವುದಿಲ್ಲ. ಚಳಿಗೆ ಹೋದಾಗ ಗೊತ್ತಾಗುತ್ತದೆ.

ಈಗ ಮತ್ತೆ ಕಾರಿಗೆ ಬರೋಣ. ಎಂಜಿನ್ ಆಫ್ ಆದ ಮೇಲೆ ಕಾರು ಎಂದರೆ ತಗಡು ಮತ್ತು ಗಾಜಿನ ಡಬ್ಬ. ಹೀಟರಿನ ಬಿಸಿ ಬೇಗ ಆರಿಹೋಗುತ್ತದೆ, ಒಳಗಿನ ಉಷ್ಣಾಂಶ ಹೊರಗಿನದರ ಕಡೆಗೆ ಇಳಿಯುತ್ತಾ ಹೋಗುತ್ತದೆ. 'ಹಾಗಾದರೆ ಎಂಜಿನ್ ಆನ್ ಇಟ್ಟು ಹೋಗುತ್ತೇವೆ' ಎನ್ನಬೇಡಿ. ಹಿಮ ಬಿದ್ದ ಕಡೆ ಸೈಲೆನ್ಸರ್ ಬಾಯಿ ಮುಚ್ಚಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಬಿಸಿಯಾಗಲಿ ಎಂದು ಸ್ಟಾರ್ಟ್ ಮಾಡಿ, ಬೆಕ್ಕನ್ನು ಮೊದಲೇ ಒಳಗೆ ಕೂರಿಸಿಬಿಡುವವರೂ ಇದ್ದಾರೆ. ಅದಂತೂ ಬೇಡವೇ ಬೇಡ. ಕಾರನ್ನು ಹೊರಗೆ ತಂದು ಬಿಸಿ ಮಾಡಿ, ಆಮೇಲೆ ಪ್ರಾಣಿಗಳನ್ನು ಹತ್ತಿಸಿ. ಊಟಕ್ಕೆ ನಿಂತಾಗ ಸರದಿ ಮಾಡಿಕೊಳ್ಳಿ, ಒಬ್ಬರು ತಿನ್ನುವಾಗ ಒಬ್ಬರು ಕಾರಿನಲ್ಲಿರಿ. ಊಟ ಸ್ವಲ್ಪ ತಣ್ಣಗಾಗುತ್ತದೆ, ಆಗಲಿ ಬಿಡಿ.

ಸ್ವೆಟರ್ ವಿಷಯ ಪೂರ್ತಿ ಮಾಡುತ್ತೇನೆ. ನಿಮ್ಮ ನಾಯಿಗೆ ಸ್ವೆಟರ್ ಬೇಕು. ಆದರೆ ನಮ್ಮಲ್ಲಿ ಹೆಚ್ಚಿನವರು ಅದನ್ನು ತಲೆಕೆಳಗಾಗಿ ಬಳಸುತ್ತೇವೆ. ಮನೆಯಲ್ಲೇ ಹಾಕಿಸಿ, ಬಿಸಿ ಕಾರಿನಲ್ಲಿ ಹತ್ತು ಗಂಟೆ ಹಾಗೇ ಕೂರಿಸಿ, ಕೆಳಗಿಳಿಸುವಾಗ 'ಎರಡೇ ನಿಮಿಷ ತಾನೇ' ಎಂದು ಬಿಚ್ಚಿದ್ದರೆ ಬಿಚ್ಚಿದ ಹಾಗೇ ಇಳಿಸುತ್ತೇವೆ. ಆಗಬೇಕಾದ್ದು ಇದರ ಉಲ್ಟಾ. ಕಾರಿನೊಳಗೆ ಬಿಚ್ಚಿಡಿ. ಹೀಟರ್ ಹಾಕಿದ ಕಾರಿನಲ್ಲಿ ಸ್ವೆಟರ್ ಹಾಕಿಕೊಂಡ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತಿರುವುದನ್ನು ನಾನೇ ನೋಡಿದ್ದೇನೆ, ಹೊರಗೆ ಮಂಜು ಬೀಳುತ್ತಿತ್ತು. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂತಿಯವು ಇನ್ನೂ ಬೇಗ ಕಷ್ಟಪಡುತ್ತವೆ. ಒಳಗೆ ನಿಮಗೆ ತೆಳು ಅಂಗಿಯಲ್ಲಿ ಹಿತವಾಗಿದ್ದರೆ ಅವಕ್ಕೂ ಹಿತ.

ಇಳಿಸುವ ಮುಂಚೆ ಹಾಕಿಸಿ. ಹೊಟ್ಟೆಯ ಕೆಳಭಾಗವನ್ನೂ ಮುಚ್ಚುವಂಥದ್ದು ಇರಲಿ, ಹೊರಪದರ ನೀರು ಹೀರದಂಥದ್ದಾದರೆ ಇನ್ನೂ ಒಳ್ಳೆಯದು. ಕತ್ತಿನ ಹತ್ತಿರ, ಕಂಕುಳಲ್ಲಿ ಎರಡು ಬೆರಳು ಸುಲಭವಾಗಿ ತೂರಬೇಕು. ಒಂದಲ್ಲ, ಎರಡು ಸ್ವೆಟರ್ ಒಯ್ಯಿರಿ, ಒದ್ದೆಯಾದದ್ದನ್ನು ತಕ್ಷಣ ಬದಲಾಯಿಸಲು. ಸೀಟಿಗೆ ಕಟ್ಟುವ ಹಾರ್ನೆಸ್ ಮಾತ್ರ ದಪ್ಪ ಕೋಟಿನ ಮೇಲೆ ಬೇಡ. ಬಿಗಿಯಾಗಿದೆ ಅನ್ನಿಸುತ್ತದೆ, ಬ್ರೇಕ್ ಹಾಕಿದಾಗ ಕೋಟು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಚಿಕ್ಕ ಮಕ್ಕಳಿಗೆ ಹೇಳುವ ಮಾತೇ ಇದು. ಜಾರುವ ರಸ್ತೆಯಲ್ಲಿ ನಾಯಿ ತೊಡೆಯ ಮೇಲೂ ಇರಬಾರದು, ಮುಂದಿನ ಸೀಟಿನಲ್ಲೂ ಇರಬಾರದು. ಏರ್‌ಬ್ಯಾಗ್ ಮನುಷ್ಯರ ಮೈ ಅಳತೆಗೆ ಮಾಡಿದ್ದು. ಸೀಟ್ ಹೀಟರ್ ಇದ್ದರೆ ಆಫ್ ಮಾಡಿ. ನಾಯಿಗೆ ಸುಡುತ್ತಿದೆ ಎಂದು ಹೇಳಲು ಬರುವುದಿಲ್ಲ, ಕಟ್ಟಿಹಾಕಿದ್ದರೆ ಎದ್ದು ಹೋಗಲೂ ಆಗುವುದಿಲ್ಲ.

ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿಯುವುದು ನಾಯಿಗಳಿಗೆ ಬಲು ಪ್ರೀತಿ. ಚಳಿಯಲ್ಲಿ ಬೇಡ. ಉಷ್ಣಾಂಶ 0 ಡಿಗ್ರಿ ಇದ್ದು ಗಾಳಿ ಗಂಟೆಗೆ 40 ಕಿಲೋಮೀಟರ್ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 7ರ ಹಾಗೆ ಕೊರೆಯುತ್ತದೆ. ಇದು ಮನುಷ್ಯರ ಮುಖಕ್ಕೆಂದು ಕಟ್ಟಿದ ಲೆಕ್ಕ. ಆದರೂ ತೆಳ್ಳನೆಯ ನಾಯಿ ಕಿವಿಗೆ ಇದಕ್ಕಿಂತ ಹಿತವಾಗಿರುತ್ತದೆ ಎಂದು ನನಗೇನೂ ಅನ್ನಿಸುವುದಿಲ್ಲ.

ಕಾರು ನಿಲ್ಲಿಸಿದಾಗ ಏನು ಮಾಡಬೇಕು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಆಟ ಇರುವುದೇ ಅಲ್ಲಿ. ಎರಡು ಮೂರು ಗಂಟೆಗೊಮ್ಮೆ ನಿಲ್ಲಿಸಿ. ಒಣ ಜಾಗ ನೋಡಿ. ನಾಯಿ ಕಾರಿನಿಂದ ಹಾರದಂತೆ ನೋಡಿಕೊಳ್ಳಿ. ಬೆನ್ನುಮೂಳೆಯ ಡಿಸ್ಕ್ ಜಾರುವ ತೊಂದರೆ ಡ್ಯಾಶ್‌ಹಂಡ್‌ಗಳಲ್ಲಿ ಬೇರೆ ತಳಿಗಳಿಗಿಂತ ಬಹಳ ಜಾಸ್ತಿ. ಮೂರು ಗಂಟೆ ಮುದುಡಿ ಕೂತು, ಚಳಿಗೆ ಮೈ ಬಿಗಿದುಕೊಂಡ ನಾಯಿ ಸೀಟಿನಿಂದ ಕಲ್ಲಿನ ಮೇಲೆ ಹಾರಿದರೆ ಏನಾಗಬಹುದು ಯೋಚಿಸಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಬೆನ್ನು ನೆಲಕ್ಕೆ ಸಮನಾಗಿರುವಂತೆ ಎತ್ತಿ ಇಳಿಸಿ. ಚೈನು ಕೈಯಲ್ಲೇ ಇರಲಿ. ಹೊಸ ಜಾಗ, ಹೊಸ ವಾಸನೆ, ಬೇಗ ಕತ್ತಲೆ. ಮನೆಯ ಹತ್ತಿರ ಕರೆದರೆ ಓಡಿಬರುವ ನಾಯಿ ಅಲ್ಲಿ ಬಂದೇ ಬರುತ್ತದೆ ಎನ್ನುವಂತಿಲ್ಲ. ಮೈಕ್ರೋಚಿಪ್ (ಗುರುತಿಗೆಂದು ಚರ್ಮದಡಿ ಇಡುವ ಪುಟ್ಟ ಚಿಪ್) ಹಾಕಿಸಿದ್ದರೆ ಅದರ 15 ಅಂಕಿಯ ಸಂಖ್ಯೆಗೆ ನಿಮ್ಮ ಈಗಿನ ಫೋನ್ ನಂಬರ್ ಜೋಡಿಸಿದೆಯಾ ಎಂದು ಹೊರಡುವ ಮುಂಚೆ ನೋಡಿ. ಹಳೇ ನಂಬರಿನ ಚಿಪ್ ಇದ್ದೂ ಇಲ್ಲದ ಹಾಗೆ.

ಐದು ಹತ್ತು ನಿಮಿಷ ಸಾಕು. ನಾಯಿ ಒಂದೊಂದೇ ಕಾಲು ಎತ್ತಿ ನಿಲ್ಲುತ್ತಿದ್ದರೆ, ಬೆನ್ನು ಗೂನು ಮಾಡುತ್ತಿದ್ದರೆ, ಕಾರಿನ ಕಡೆ ಎಳೆಯುತ್ತಿದ್ದರೆ ಆಟ ಮುಗಿಯಿತು, ಒಳಗೆ ಹೋಗೋಣ ಎಂದು ಅರ್ಥ. ಹತ್ತಿಸುವ ಮುಂಚೆ ಟವೆಲ್ ತೆಗೆದುಕೊಂಡು ಮೊದಲು ಹೊಟ್ಟೆ, ಕಂಕುಳು, ತೊಡೆಸಂದು, ಆಮೇಲೆ ಬೆರಳ ಸಂದಿ ಒರೆಸಿ. ಬೆನ್ನು ಕಡೆಗೆ. ನಾವೆಲ್ಲ ಮಾಡುವುದು ಉಲ್ಟಾ, ಕಣ್ಣಿಗೆ ಕಾಣುವ ಬೆನ್ನನ್ನು ತಿಕ್ಕಿ ತಿಕ್ಕಿ ಒಣಗಿಸುತ್ತೇವೆ.

ಪಾದದ ಬಗ್ಗೆ ಜನ ಕೇಳುವುದು, ಬರಿಗಾಲಲ್ಲಿ ಹಿಮದ ಮೇಲೆ ಹೇಗೆ ನಡೆಯುತ್ತವೆ ಎಂದು. ಪಾದಕ್ಕೆ ಇಳಿಯುವ ಬಿಸಿ ರಕ್ತದ ನಾಳ ಮತ್ತು ಮೇಲೆ ಬರುವ ತಣ್ಣನೆ ರಕ್ತದ ನಾಳಗಳು ಅಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇವೆ. ಹೋಗುವ ರಕ್ತ ತನ್ನ ಬಿಸಿಯನ್ನು ಬರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಹಾಗಾಗಿ ಪಾದ ತಣ್ಣಗಾದರೂ ಮೈ ತಣ್ಣಗಾಗುವುದು ನಿಧಾನ. ಬಲು ಜಾಣ ಏರ್ಪಾಡು. ಅದಕ್ಕೆ ಗೊತ್ತಿಲ್ಲದ್ದು ರಸ್ತೆಗೆ ಹಾಕುವ ಉಪ್ಪು. ಹಿಮ ಕರಗಿಸಲು ಚೆಲ್ಲುವ ಉಪ್ಪು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡು ಚರ್ಮ ಬಿರುಕು ಬಿಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ ನೀರು ಸೋಕಿದಾಗ ಅದು ಬಿಸಿಯೂ ಆಗುತ್ತದೆ. ನಾಯಿ ಉರಿ ತಾಳದೆ ನೆಕ್ಕುತ್ತದೆ, ಹೊಟ್ಟೆ ಸೇರಿದರೆ ವಾಂತಿ. ಒಂದು ಬಾಟಲಿ ಬೆಚ್ಚನೆ ನೀರು, ಒಂದು ಚಿಕ್ಕ ಡಬ್ಬ ಇಟ್ಟುಕೊಳ್ಳಿ. ಪ್ರತಿ ಪಾದವನ್ನೂ ಅದ್ದಿ, ಒರೆಸಿ. ಬೆರಳ ನಡುವಿನ ಉದ್ದ ಕೂದಲನ್ನು ಮೊದಲೇ ಕತ್ತರಿಸಿದ್ದರೆ ಹಿಮದ ಉಂಡೆ ಕಟ್ಟುವುದಿಲ್ಲ. ನಾಯಿ ಬೂಟು ಒಳ್ಳೆಯದೇ, ಆದರೆ ಒಂದು ವಾರ ಮುಂಚೆ ಮನೆಯಲ್ಲಿ ಹಾಕಿಸಿ ರೂಢಿ ಮಾಡಿ. ಇಲ್ಲದಿದ್ದರೆ ಚಳಿಯಲ್ಲಿ ನಿಂತು ನೀವು ಬೂಟು ಹಾಕಿಸುವುದು, ಅದು ಕಿತ್ತು ಬಿಸಾಡುವುದು, ಇದೇ ಆಗುತ್ತದೆ.

ನೀರು ಕುಡಿಸುವುದನ್ನು ಚಳಿಯಲ್ಲಿ ಎಲ್ಲರೂ ಮರೆಯುತ್ತಾರೆ. ಬಾಯಾರಿಕೆ ಕಾಣಿಸುವುದಿಲ್ಲ, ಹೀಟರ್ ಗಾಳಿ ಮಾತ್ರ ಮೈಯನ್ನು ಒಣಗಿಸುತ್ತಿರುತ್ತದೆ. ಹಿಮ ತಿಂದರೆ ಸಾಕಲ್ಲ ಎನ್ನಬೇಡಿ, ಅದನ್ನು ಕರಗಿಸುವುದಕ್ಕೂ ಮೈಯ ಶಾಖವೇ ಖರ್ಚಾಗಬೇಕು. ಉಗುರುಬೆಚ್ಚನೆ ನೀರು ಕೊಡಿ, ಲೋಹದ ಬಟ್ಟಲು ಬೇಡ. ಊಟವನ್ನು ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಮುಗಿಸಿ, ವಾಂತಿ ಕಡಿಮೆ.

ಈಗ ಬೆಕ್ಕು ಮತ್ತು ನಿದ್ದೆ ಮಾತ್ರೆ. ನಿಮ್ಮಷ್ಟಕ್ಕೆ ನೀವೇ ಏನನ್ನೂ ಕೊಡಬೇಡಿ. ಮನುಷ್ಯರ ಮಾತ್ರೆಯಂತೂ ಚೂರೂ ಬೇಡ. ಚಳಿ ಎಂದು ಯಾರೋ ಪ್ಯಾರಸಿಟಮಾಲ್ ಸಲಹೆ ಕೊಟ್ಟರೆ ಕಿವಿಗೇ ಹಾಕಿಕೊಳ್ಳಬೇಡಿ. ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ.

ಮಂಪರು ತರಿಸುವ ಔಷಧಗಳಿಗೆ ಚಳಿಯಲ್ಲಿ ಇನ್ನೊಂದು ತೊಡಕಿದೆ. ಹಳೇ ಕಾಲದಿಂದ ಬಳಸುವ ಎಸಿಪ್ರೊಮಜಿನ್ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದೊತ್ತಡ ಇಳಿಸುತ್ತದೆ. ನಾಳ ಹಿಗ್ಗಿದರೆ ಬಿಸಿ ರಕ್ತ ಚರ್ಮದ ಹತ್ತಿರ ಬಂದು ಶಾಖ ಹೊರಗೆ ಸೋರುತ್ತದೆ. ಮೈಶಾಖ ಕಾಯುವ ಮೆದುಳಿನ ಭಾಗವೂ ಮಂಕಾಗಿರುತ್ತದೆ. ಮುದುಡಿ ಕೂರುವುದು, ನಡುಗುವುದು, ಬೆಚ್ಚಗಿನ ಮೂಲೆ ಹುಡುಕುವುದು, ಪ್ರಾಣಿಗೆ ಇರುವ ಈ ಮೂರೂ ದಾರಿಗಳಿಗೆ ನಾವೇ ಬೀಗ ಹಾಕಿದಂತೆ. ನೋಡುವವರಿಗೆ ಮಾತ್ರ ಬೆಕ್ಕು ಆರಾಮಾಗಿ ಮಲಗಿದೆ.

ನಿಮ್ಮ ಬೆಕ್ಕು ಜೊಲ್ಲು ಸುರಿಸಿ, ವಾಂತಿ ಮಾಡಿಕೊಂಡು, ದಾರಿಯುದ್ದಕ್ಕೂ ಗೋಳಾಡುತ್ತದೆ ಎಂದಾದರೆ ವೈದ್ಯರ ಹತ್ತಿರ ಮಾತಾಡಿ. ಆತಂಕ ತಗ್ಗಿಸಲು ಗ್ಯಾಬಪೆಂಟಿನ್, ವಾಂತಿಗೆ ಮಾರೋಪಿಟಂಟ್ ಎಂಬ ಔಷಧಗಳಿವೆ. ತೂಕ, ಕಿಡ್ನಿ ನೋಡಿ ಅವರು ಬರೆದುಕೊಡಲಿ. ಮೊದಲ ಸಲ ಕೊಡುವುದು ಪ್ರಯಾಣದ ದಿನ ಬೇಡ. ಮನೆಯಲ್ಲಿದ್ದಾಗ ಒಮ್ಮೆ ಕೊಟ್ಟು ಹೇಗಿರುತ್ತದೆ ನೋಡಿ. ಬರೀ ಕೂಗುತ್ತದೆ, ಅಷ್ಟೇ ಎಂದಾದರೆ ಕೂಗಲಿ. ಕೂಗುವ ಬೆಕ್ಕಿನ ಬಗ್ಗೆ ನನಗೆ ಚಿಂತೆ ಕಡಿಮೆ, ಸದ್ದಿಲ್ಲದ ಬೆಕ್ಕಿನ ಬಗ್ಗೆ ಜಾಸ್ತಿ.

ಔಷಧಕ್ಕಿಂತ ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆ, ರೂಢಿ ಮಾಡಿಸುವುದು ಮೇಲು. ಇವತ್ತೇ ಅದನ್ನು ಅಟ್ಟದಿಂದ ಇಳಿಸಿ, ಬಾಗಿಲು ತೆಗೆದು ಹಾಲ್‌ನಲ್ಲಿಡಿ. ಒಳಗೆ ಬೆಕ್ಕು ದಿನಾ ಮಲಗುವ ಬಟ್ಟೆ ಹಾಕಿ, ತಿಂಡಿಯನ್ನೂ ಅಲ್ಲೇ ಕೊಡಿ. ಎರಡು ವಾರದಲ್ಲಿ ಅದು ಪೆಟ್ಟಿಗೆ ಹೋಗಿ ಹಾಸಿಗೆ ಆಗಿರುತ್ತದೆ. ಪ್ರಯಾಣದ ದಿನ ಮೂರು ಕಡೆ ದುಪ್ಪಟಿ ಮುಚ್ಚಿ, ಒಂದು ಕಡೆ ಗಾಳಿಗೆ ಬಿಡಿ. ಮುಂದಿನ ಸೀಟಿನ ಹಿಂದಿನ ನೆಲದ ಮೇಲೆ ಕ್ಯಾರಿಯರ್ ಗಟ್ಟಿಯಾಗಿ ಕೂರುತ್ತದೆ, ಆದರೆ ಕಾಲಿನ ಹತ್ತಿರದ ಹೀಟರ್ ಗಾಳಿ ನೇರ ಒಳಗೆ ನುಗ್ಗುತ್ತಿದೆಯಾ ಎಂದು ಕೈಯಿಟ್ಟು ನೋಡಿ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದು ಮಾಮೂಲಲ್ಲ. ಶೆಕೆಯೋ, ಭಯವೋ, ಹೃದಯವೋ, ಯಾವುದೇ ಆದರೂ ಗಾಡಿ ನಿಲ್ಲಿಸಿ. ಕಾರಿನ ಬಾಗಿಲು ತೆರೆದಿರುವಾಗ ಕ್ಯಾರಿಯರ್ ಬಾಗಿಲು ತೆರೆಯಬೇಡಿ. ದಾರಿ ಮಧ್ಯೆ ತಪ್ಪಿಸಿಕೊಂಡ ಬೆಕ್ಕು ಚಳಿಯಲ್ಲಿ ಬಿಸಿ ಜಾಗ ಹುಡುಕುತ್ತದೆ, ಮೊದಲು ಸಿಗುವುದು ನಿಂತ ಗಾಡಿಯ ಎಂಜಿನ್. ಚಳಿಗಾಲದಲ್ಲಿ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿಯುವ ಅಭ್ಯಾಸ ಎಲ್ಲರಿಗೂ ಇದ್ದರೆ ಒಳ್ಳೆಯದು. ನಿಮ್ಮ ಬೆಕ್ಕಲ್ಲದಿದ್ದರೆ ಇನ್ಯಾರದ್ದೋ ಇರುತ್ತದೆ.

ಕಾರಿನ ಮಾತಿಗೇ ಸೇರಿದ ಇನ್ನೊಂದು ಅಪಾಯ ಆಂಟಿಫ್ರೀಜ್. ಚಳಿಗೆ ರೇಡಿಯೇಟರ್ ನೀರು ಹೆಪ್ಪುಗಟ್ಟದಿರಲಿ ಎಂದು ಹಾಕುವ ದ್ರವ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ರುಚಿ ಸಿಹಿ. ಪಾರ್ಕಿಂಗ್ ಜಾಗದಲ್ಲಿ ಸೋರಿದ ಚಿಕ್ಕ ಕೆರೆಯಂಥದ್ದನ್ನು ನಾಯಿ ನೆಕ್ಕುತ್ತದೆ. ಬೆಕ್ಕು ಅದರ ಮೇಲೆ ನಡೆದು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ಬೆಕ್ಕಿಗೆ ಕಿಲೋಗೆ ಸುಮಾರು 1.5 ಮಿಲಿಲೀಟರ್ ಸಾಕು ಜೀವ ಹೋಗಲು. ನಾಲ್ಕು ಕಿಲೋದ ಬೆಕ್ಕು ಎಂದರೆ ಒಂದು ಟೀ ಚಮಚಕ್ಕಿಂತ ತುಸು ಜಾಸ್ತಿ, ಅಷ್ಟೇ. ಮೊದಲು ಕುಡಿದವರ ಹಾಗೆ ತೂರಾಡುತ್ತವೆ, ವಾಂತಿ ಮಾಡುತ್ತವೆ. ಆಮೇಲೆ ನಾಯಿ ಕೆಲವು ಗಂಟೆ ಸರಿಹೋದ ಹಾಗೆ ಕಾಣುವುದೂ ಉಂಟು. ಅದನ್ನು ನಂಬಿ ಎಷ್ಟೋ ಜನ ಸಮಾಧಾನವಾಗಿ ಮಲಗುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಕಿಡ್ನಿ ಹಾಳಾಗುತ್ತಿರುತ್ತದೆ. ಇದಕ್ಕೆ ಪ್ರತಿವಿಷ ಇದೆ, ಆದರೆ ಬೆಕ್ಕಿಗೆ ಸುಮಾರು ಮೂರು ಗಂಟೆಯೊಳಗೆ, ನಾಯಿಗೆ ಎಂಟರಿಂದ ಹನ್ನೆರಡು ಗಂಟೆಯೊಳಗೆ ಸಿಕ್ಕರೆ ಮಾತ್ರ ಉಪಯೋಗ. ನೆಕ್ಕಿರಬಹುದು ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯಬೇಡಿ, ಹೊರಟುಬಿಡಿ. ಹೋಗುವ ದಾರಿಯಲ್ಲೂ, ಉಳಿಯುವ ಜಾಗದಲ್ಲೂ ರಾತ್ರಿ ತೆರೆದಿರುವ ಪಶುವೈದ್ಯರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ. ಫೋನಿನಲ್ಲಿ ಹುಡುಕಿದರಾಯಿತು ಎಂದುಕೊಂಡಿದ್ದರೆ, ಬೆಟ್ಟದ ದಾರಿಯಲ್ಲಿ ಸಿಗ್ನಲ್ ಇಲ್ಲದ್ದು ಆಗಲೇ ನೆನಪಾಗುತ್ತದೆ.

ಇನ್ನು ಮೈ ತಣ್ಣಗಾದರೆ ಏನು ಮಾಡುವುದು. ಮೊದಲು ನಡುಕ ಬರುತ್ತದೆ, ಅದು ಒಳ್ಳೆಯ ಲಕ್ಷಣ. ಮೈ ಹೋರಾಡುತ್ತಿದೆ. ನಡುಗುತ್ತಿದ್ದ ಪ್ರಾಣಿ ಬೆಚ್ಚಗಾಗದೆಯೇ ನಡುಗುವುದು ನಿಲ್ಲಿಸಿದರೆ ಆಗ ಹೆದರಬೇಕು. ಮಂಕು, ಎಡವುತ್ತಾ ನಡೆಯುವುದು, ಬಿಳಿಚಿದ ಒಸಡು, ನಿಧಾನ ಉಸಿರು ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಒಂದು ಡಿಜಿಟಲ್ ಥರ್ಮಾಮೀಟರ್, ಸ್ವಲ್ಪ ವ್ಯಾಸಲೀನ್ ಬ್ಯಾಗಿನಲ್ಲಿರಲಿ, ಗುದದಲ್ಲಿಟ್ಟು ನೋಡಬೇಕು. ಮೂಗು ಮುಟ್ಟಿ ನೋಡಿ ಏನೂ ತಿಳಿಯುವುದಿಲ್ಲ. 37ಕ್ಕಿಂತ ಕೆಳಗಿದ್ದರೆ ಬಿಸಿ ಮಾಡಲು ಶುರು ಮಾಡಿ. 35ಕ್ಕಿಂತ ಕೆಳಗಿದ್ದರೆ ಬಿಸಿ ಮಾಡುತ್ತಲೇ ಕ್ಲಿನಿಕ್ಕಿಗೆ ಹೊರಡಿ.

ಬಿಸಿ ಮಾಡುವುದಕ್ಕೂ ಒಂದು ಕ್ರಮ ಇದೆ. ಒದ್ದೆ ಬಟ್ಟೆ ತೆಗೆದು ಮೈ ಒಣಗಿಸಿ, ಒತ್ತಿ ಒತ್ತಿ ಒರೆಸಿ, ಜೋರಾಗಿ ತಿಕ್ಕಬೇಡಿ. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಎದೆ, ಹೊಟ್ಟೆಯ ಪಕ್ಕ ಇಡಿ. ಮೊದಲು ಮುಂಡ, ಕಾಲಲ್ಲ. ಕಾಲನ್ನು ಮೊದಲು ಬಿಸಿ ಮಾಡಿದರೆ ಅಲ್ಲಿ ನಿಂತಿದ್ದ ತಣ್ಣನೆ ರಕ್ತ ಒಮ್ಮೆಲೇ ಹೃದಯಕ್ಕೆ ನುಗ್ಗುತ್ತದೆ. ಬಿಸಿನೀರಿನ ಸ್ನಾನ, ಹೇರ್ ಡ್ರೈಯರ್, ಚರ್ಮಕ್ಕೆ ನೇರ ತಾಗುವ ಹೀಟಿಂಗ್ ಪ್ಯಾಡ್ ಯಾವುದೂ ಬೇಡ. ತಣ್ಣಗಾದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಎಚ್ಚರ ಇದ್ದು ನುಂಗಬಲ್ಲದು ಎಂದಾದರೆ ಮಾತ್ರ ಸ್ವಲ್ಪ ಬೆಚ್ಚನೆ ಸಕ್ಕರೆ ನೀರು. ಪ್ರಜ್ಞೆ ಇಲ್ಲದ ಪ್ರಾಣಿಯ ಬಾಯಿಗೆ ಏನನ್ನೂ ಹಾಕಬೇಡಿ. ಆ ಐದು ಕಿಲೋದ ನಾಯಿಯನ್ನು ನಾವು ಹೀಗೇ ಬಾಟಲಿ, ಕಂಬಳಿ, ಬೆಚ್ಚನೆ ಡ್ರಿಪ್ ಎಂದು ಇಟ್ಟುಕೊಂಡು ಕೂತಿದ್ದೆವು. ಒಂದು ಗಂಟೆಯ ಮೇಲೆ ಅದಕ್ಕೆ ಇದ್ದಕ್ಕಿದ್ದಂತೆ ಗಡಗಡ ನಡುಕ ಬಂತು. ಯಜಮಾನರು ಗಾಬರಿಯಾಗಿ ನನ್ನ ಮುಖ ನೋಡಿದರು, ನಾನು ನಗುತ್ತಿದ್ದೆ.

ಕಿವಿ ತುದಿ, ಬಾಲದ ತುದಿ, ಬೆರಳು ಬಿಳಿಚಿಯೋ ನೀಲಿಗಟ್ಟಿಯೋ ಗಟ್ಟಿಯಾಗಿದ್ದರೆ ಅದು ಹಿಮಗಡಿತ. ಉಜ್ಜಬೇಡಿ. ಮೊಣಕೈ ಅದ್ದಿದರೆ ಹಿತವಾಗಿರುವಷ್ಟು ಬೆಚ್ಚನೆ ನೀರಿನಲ್ಲಿ ಅದ್ದಿ, ಒಣಗಿಸಿ. ಮತ್ತೆ ಚಳಿಗೆ ಒಡ್ಡಬೇಕಾಗಿ ಬರುತ್ತದೆ ಎಂದಾದರೆ ಮುಟ್ಟದೇ ಬಿಡಿ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಎಷ್ಟು ಚರ್ಮ ಉಳಿಯಿತು ಎಂದು ಗೊತ್ತಾಗಲು ಕೆಲವು ದಿನ ಹಿಡಿಯುತ್ತದೆ, ಆ ತನಕ ವೈದ್ಯರ ಕಣ್ಣಿನಡಿ ಇರಲಿ.

ವಿಮಾನದ ಬಗ್ಗೆ ನೀವು ಕೇಳಿಲ್ಲ, ಬೇರೆಯವರು ಕೇಳುತ್ತಿರುತ್ತಾರೆ. ಅಮೆರಿಕದ ಪ್ರಾಣಿ ಕಲ್ಯಾಣ ನಿಯಮದಲ್ಲಿ, ಚಳಿಗೆ ಹೊಂದಿಕೊಂಡಿದೆ ಎಂದು ಪಶುವೈದ್ಯರ ಪತ್ರ ಇಲ್ಲದಿದ್ದರೆ, ಸಾಗಿಸುವಾಗ ನಾಯಿ, ಬೆಕ್ಕನ್ನು 7.2 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ 45 ನಿಮಿಷಕ್ಕಿಂತ ಜಾಸ್ತಿ ಇಡುವಂತಿಲ್ಲ. ಗಮನಿಸಿ, ಇದು ಹಾರುವಾಗಿನ ಮಾತಲ್ಲ. ಟರ್ಮಿನಲ್‌ನಿಂದ ವಿಮಾನಕ್ಕೆ ಒಯ್ಯುವ ಹೊತ್ತಿನ ಮಾತು. ಅಲ್ಲೂ ಅಪಾಯ ನಿಂತಾಗಲೇ.

ಗಿಳಿ, ಮೊಲ ಸಾಕಿದವರಿಗೆ ಎರಡು ಸಾಲು. ಹಕ್ಕಿ ಗರಿ ಉಬ್ಬಿಸಿಕೊಂಡು ಬಹಳ ಹೊತ್ತು ಕೂತಿದ್ದರೆ ಚಳಿಯಾಗಿದೆ ಅಥವಾ ಹುಷಾರಿಲ್ಲ. ಪಂಜರ ಮುಚ್ಚಿ, ಗಾಳಿ ಸೀಳು ತಾಗದಂತೆ ನೋಡಿ. ಮೊಲಕ್ಕೆ ಚಳಿಗಿಂತ ಹಸಿವು ದೊಡ್ಡ ಶತ್ರು. ಗಾಬರಿಯಿಂದ ತಿನ್ನುವುದು ಬಿಟ್ಟರೆ ಅರ್ಧ ದಿನದೊಳಗೆ ಕರುಳು ಸ್ತಬ್ಧವಾಗಬಹುದು, ಒಣಹುಲ್ಲು ಬಾಯಿಗೆ ಎಟುಕುವಂತೆಯೇ ಇರಲಿ. ಹ್ಯಾಮ್‌ಸ್ಟರ್ ತೀರಾ ಚಳಿಗೆ ಸತ್ತ ಹಾಗೆ ಮರಗಟ್ಟುವುದುಂಟು. ಹೂಳುವ ಮುಂಚೆ ಬೆಚ್ಚಗೆ ಮಾಡಿ ನೋಡಿ, ತಮಾಷೆಗೆ ಹೇಳುತ್ತಿಲ್ಲ.

ನಿಮಗೆ ನನ್ನ ನೇರ ಸಲಹೆ ಬೇಕಿದ್ದರೆ: ನಾಯಿಯನ್ನು ಕರೆದುಕೊಂಡು ಹೋಗಿ, ಬೆಕ್ಕನ್ನು ಬಿಟ್ಟು ಹೋಗಿ. ನಾಯಿಗೆ ನೀವು ಇರುವ ಕಡೆ ಮನೆ. ಬೆಕ್ಕಿಗೆ ಮನೆ ಇರುವ ಕಡೆ ಮನೆ. ದಿನಕ್ಕೆ ಎರಡು ಸಲ ಬಂದು ಊಟ ಹಾಕಿ, ಮರಳಿನ ತಟ್ಟೆ ಬದಲಾಯಿಸಿ, ಒಂದಿಷ್ಟು ಹೊತ್ತು ಮಾತಾಡಿಸಿ ಹೋಗುವ ನೆಂಟರೋ ಸ್ನೇಹಿತರೋ ಇದ್ದರೆ ಬೆಕ್ಕು ನಿಮ್ಮನ್ನು ಕ್ಷಮಿಸುತ್ತದೆ. ಕರೆದುಕೊಂಡು ಹೋಗಲೇಬೇಕು ಎಂದಾದರೆ ಹೊರಡುವ ವಾರ ಎರಡನ್ನೂ ಕಾರಿನಲ್ಲಿ ಒಂದು ಗಂಟೆ ಸುತ್ತಾಡಿಸಿ ತನ್ನಿ. ಮಧ್ಯೆ ಒಮ್ಮೆ ನಿಲ್ಲಿಸಿ, ಸ್ವೆಟರ್ ಹಾಕಿಸಿ, ನಾಯಿಯನ್ನು ಇಳಿಸಿ, ಮತ್ತೆ ಹತ್ತಿಸಿ. ಟವೆಲ್ ಎಲ್ಲಿಟ್ಟಿದ್ದೀರಿ ಎಂದು ಆಗ ಹುಡುಕಬೇಕಾಗಿ ಬಂದರೆ ಅದನ್ನು ಡಿಕ್ಕಿಯಿಂದ ತೆಗೆದು ಮುಂದಿನ ಸೀಟಿಗೆ ತಂದಿಡಿ.